ಬಂದರಿನಲ್ಲಿ ಬೆಲ್ಲದ ಉಗ್ರಾಣ

"ಗುರುಗಳೇ, ನನ್ನ ಮನಸ್ಸು ಈಗ ಸಮತಟ್ಟಾಗಿದೆ. ಸಿಟ್ಟಿಲ್ಲ, ಆಸೆಯಿಲ್ಲ. ಬಂದರು ಪೇಟೆಯ ಮಠ ಖಾಲಿಯಿದೆ. ನಾನು ಹೋಗಿ ಅದನ್ನು ನಡೆಸಬಹುದಲ್ಲವೇ?" ಎಂದು ಶಿಷ್ಯ ಗುರುಶಾಂತ ಕೇಳಿದ. ಅವನು ಆಗಲೇ ಗಂಟು ಕಟ್ಟಿಟ್ಟಿದ್ದ.

ಗುರುಗಳು ಗಂಟನ್ನು ನೋಡಿ ನಕ್ಕರು. "ಹೊರಡುವ ಮೊದಲು ಆ ಪೇಟೆಯದೇ ಒಂದು ಕತೆ ಕೇಳು" ಎಂದರು.

ಬೆಟ್ಟದ ಸೀಮೆಯ ಒಬ್ಬ ಬೆಲ್ಲದ ವ್ಯಾಪಾರಿ ಆ ಪೇಟೆಯನ್ನು ನೋಡಲು ಹೋದ. ತಲೆಮಾರುಗಳಿಂದ ಹಡಗು ಬಂದು ಹೋಗುವ ಊರು. ಕಣ್ಣು ಹಾಯಿಸಿದಷ್ಟೂ ಮನೆ, ಮಂಡಿ, ಉಗ್ರಾಣ. ಎಲ್ಲೂ ಒಂದು ದಿಣ್ಣೆಯಿಲ್ಲ. ಊರು ಅವನಿಗೆ ಬಹಳ ಹಿಡಿಸಿತು. ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರುವುದಿಲ್ಲ. ಬೆಲ್ಲ ಕೂಡಿಟ್ಟು, ಮಳೆ ಮುಗಿದು ಮೊದಲ ಹಡಗು ಬಂದಾಗ ಮಾರಿದರೆ ಒಳ್ಳೆಯ ಬೆಲೆ. ಅವನು ತನ್ನೂರಿನ ಮನೆಮಾರು ಮಾರಿ ಅಲ್ಲೊಂದು ಜಾಗ ಕೊಂಡ, ಉಗ್ರಾಣಕ್ಕೆ ಪಾಯ ತೋಡಿಸತೊಡಗಿದ.

ಆ ಪೇಟೆಯಲ್ಲಿ ಹೊಸ ಜಾಗ ಕೊಂಡವರು ಒಂದು ಮಳೆಗಾಲ ಅದನ್ನು ಹಾಗೆಯೇ ಬಿಡುವುದು ಪದ್ಧತಿ. ಪಕ್ಕದ ಮಂಡಿಯ ಯಜಮಾನಿ ಬಂದು ಹೇಳಿದಳು: "ಈ ಮಳೆ ಒಂದು ಹೋಗಲಿ ಮಾರಾಯ್ರೆ, ನೀರು ಎಲ್ಲಿ ನಿಲ್ಲುತ್ತದೆ ನೋಡುವ. ಅಲ್ಲಿವರೆಗೆ ನಿಮ್ಮ ಬೆಲ್ಲ ನಮ್ಮ ಅಟ್ಟದಲ್ಲಿ ಇಡಿ."

ವ್ಯಾಪಾರಿ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟ. ಅದು ಕದಲಲಿಲ್ಲ. "ನೋಡಿ ತಾಯಿ, ನಮ್ಮ ಕಡೆ ಹೀಗಿಟ್ಟರೆ ಉರುಳಿಕೊಂಡು ಹಳ್ಳಕ್ಕೆ ಹೋಗಿ ಬೀಳುತ್ತೆ. ತಗ್ಗು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ತಗ್ಗೇ ಇಲ್ಲ."

ಅವಳು ತನ್ನ ಮಂಡಿಗೆ ಹಿಂತಿರುಗಿದಳು. ಬುದ್ಧಿ ಹೇಳಬಹುದು, ತಲೆಗೆ ತುಂಬುವುದಕ್ಕಾಗುತ್ತದೆಯೇ?

ಉಗ್ರಾಣ ಎದ್ದಿತು, ಬೆಲ್ಲ ತುಂಬಿತು. ಮಳೆ ಹಿಡಿಯಿತು. ಪೇಟೆಯ ನೀರೆಲ್ಲ ಅವಸರವಿಲ್ಲದೆ, ಕರೆದ ನೆಂಟರ ಹಾಗೆ, ಅವನ ಬಾಗಿಲಿಗೇ ಬಂತು. ಆ ಜಾಗ ಸುತ್ತಲಿನ ನೆಲಕ್ಕಿಂತ ಒಂದು ಗೇಣು ತಗ್ಗಾಗಿತ್ತು, ಅಷ್ಟೇ. ಅಡಿಯ ಬೆಲ್ಲ ಕರಗಿತು, ಮೇಲಿನದು ಕುಸಿದು ಅದರಲ್ಲೇ ಬಿತ್ತು. ಮೊದಲ ಹಡಗು ಬಂದಾಗ ಅವನ ಬಳಿ ಇದ್ದದ್ದು ಬೆಲ್ಲ ಸುತ್ತಿದ್ದ, ಅಂಟು ಹಿಡಿದ ಚಾಪೆಗಳು ಮಾತ್ರ. ಪಾಪ, ಅವನೇನೂ ದಡ್ಡನಲ್ಲ.

ಗುರುಶಾಂತ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ. "ಅವನು ದುಡುಕಿದ, ಗುರುಗಳೇ. ನಾನು ನನ್ನ ಮನಸ್ಸನ್ನು ಮೂಲೆಮೂಲೆಯೂ ನೋಡಿಕೊಂಡಿದ್ದೇನೆ. ಎಲ್ಲೂ ತಗ್ಗಿಲ್ಲ."

"ಸರಿ ಮಗು," ಎಂದರು ಗುರುಗಳು. "ನಿಂಬೆಹಣ್ಣಿಟ್ಟು ನೋಡಿದೆಯೋ, ಮಳೆ ಬಿದ್ದ ಮೇಲೆ ನೋಡಿದೆಯೋ?"