ಅಯಸ್ಕಾಂತಕ್ಕೆ ಅಂಟಿದ ನಾಣ್ಯ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಹತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಡದ ಪರೀಕ್ಷೆಯೊಂದು ನಮ್ಮ ಬಳಿ ಇದ್ದರೆ, ಅದನ್ನೇ ನಂಬಿ ನಿಶ್ಚಿಂತೆಯಾಗಿರಬಹುದಲ್ಲವೇ?"

ಗುರು ಹಿಂದೆ ಪೇಟೆಯಲ್ಲಿ ವ್ಯಾಪಾರ ಮಾಡಿ ಪಳಗಿದವನು. ಅವನು ಹೇಳಿದ:

ಮೂವತ್ತು ಸಾವಿರ ರೂಪಾಯಿಗೆ ಒಬ್ಬ ವರ್ತಕ ಇಪ್ಪತ್ತು ಕಿಲೋ ಜರ್ಮನ್ ನಾಣ್ಯ ಕೊಂಡ. ಎಲ್ಲವೂ ಅಲ್ಲಿನ ಚಿಲ್ಲರೆ ಕಾಸು, ಎರಡು ಫೆನಿಗ್‌ನವು, ಮಹಾಯುದ್ಧ ಮುಗಿದ ಮೇಲೆ ಅಚ್ಚಾದವು. ಆ ದೇಶದಲ್ಲಿ ಚಲಾವಣೆ ನಿಂತುಹೋಗಿ, ಇಲ್ಲಿಗೆ ತೂಕದ ಮಾಲಾಗಿ ಬಂದಿದ್ದವು. ಅಂಗಡಿಯಲ್ಲಿದ್ದ ಬಂಡವಾಳವೆಲ್ಲ ಆ ಮೂಟೆಗೇ ಹೋಯಿತು. ಅದರಿಂದ ಲಾಭ ಹುಟ್ಟದಿದ್ದರೆ ಬಾಗಿಲು ಹಾಕುವುದೊಂದೇ ಉಳಿದಿತ್ತು.

ಅವನಿಗೆ ಹೆದರಿಕೆ ಇರಲಿಲ್ಲ. ಕಸುಬು ಕಲಿಸಿದವರು ಅವನಿಗೊಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಅರವತ್ತೊಂಬತ್ತನೇ ಇಸವಿಯ, ಟಂಕಸಾಲೆಯ ಗುರುತಾಗಿ ಜೆ ಅಕ್ಷರವಿರುವ ನಾಣ್ಯಗಳು ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಎಲ್ಲೋ ಕೆಲವು ಮಾತ್ರ ಪೂರ್ತಿ ಕಂಚಿನವು. ಅವಕ್ಕೇ ಬೆಲೆ. ಅಯಸ್ಕಾಂತ ಹಿಡಿದರೆ ಉಕ್ಕಿನದು ಅಂಟುತ್ತದೆ, ಕಂಚಿನದು ಅಂಟುವುದಿಲ್ಲ. ಅಂಟಿದ್ದನ್ನು ಎಸೆ, ಅಂಟದ್ದನ್ನು ನೋಡು. ಹತ್ತು ವರ್ಷ ಅವನು ಹೀಗೇ ದುಡಿದಿದ್ದ.

ಮೂಟೆ ಬಿಚ್ಚಿ ಅಯಸ್ಕಾಂತ ಆಡಿಸಿದ. ಹದಿನಾಲ್ಕು ಕಿಲೋ ಅಂಟಿತು. ಅದನ್ನು ಇಸವಿಯನ್ನೂ ನೋಡದೆ ಗುಜರಿಯವನಿಗೆ ಕಿಲೋಗೆ ಮೂವತ್ತರಂತೆ ತೂಗಿಸಿಬಿಟ್ಟ. ಅಂಟದೆ ಉಳಿದ ಆರು ಕಿಲೋದಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಿಕ್ಕಿತು. ಅದು ಇಪ್ಪತ್ತೆರಡು ಸಾವಿರಕ್ಕೆ ಹೋಯಿತು. ಮಿಕ್ಕ ಕಂಚು ಐದು ಸಾವಿರಕ್ಕೆ. ಗುಜರಿಯ ನಾನೂರ ಇಪ್ಪತ್ತು ಸೇರಿಸಿದರೂ ಅಸಲು ಹುಟ್ಟಲಿಲ್ಲ.

ಮರುವಾರ ನಾಣ್ಯ ಸಂಗ್ರಹಿಸುವ ಹೆಂಗಸೊಬ್ಬಳು ಅಂಗಡಿಗೆ ಬಂದಳು. "ಎರಡು ಫೆನಿಗ್, ಅರವತ್ತೇಳನೇ ಇಸವಿ, ಜಿ ಅಕ್ಷರದ್ದು ಬೇಕು. ಅಯಸ್ಕಾಂತಕ್ಕೆ ಅಂಟುವಂಥದ್ದು."

ವರ್ತಕ ನಕ್ಕುಬಿಟ್ಟ. "ಅಂಟುವಂಥದ್ದೇ? ಗುಜರಿಗೆ ಹೋಗಿ ತಾಯಿ, ಮೊರದಲ್ಲಿ ತುಂಬಿ ಕೊಡುತ್ತಾರೆ."

"ನಗಬೇಡಿ ಸ್ವಾಮಿ. ಆ ವರ್ಷದವೆಲ್ಲ ಕಂಚಿನವು. ಆ ಒಂದು ಟಂಕಸಾಲೆಯಲ್ಲಿ ಮಾತ್ರ, ಮುಂದೆ ಉಕ್ಕಿಗೆ ಹೋಗೋಣವೇ ಎಂದು ನೋಡುವುದಕ್ಕೆ ಐನೂರು ಚಿಲ್ಲರೆ ಉಕ್ಕಿನ ಮೇಲೆ ಹೊಡೆದರು. ನಿಮ್ಮಲ್ಲಿದ್ದರೆ ಎಂಬತ್ತು ಸಾವಿರ ಎಣಿಸುತ್ತೇನೆ."

ವರ್ತಕನ ನಗು ಬಾಯಲ್ಲೇ ಉಳಿಯಿತು. ಅವನು ಅಂಟಿದ ರಾಶಿಯಲ್ಲಿ ಒಂದರ ಇಸವಿಯನ್ನೂ ಓದಿರಲಿಲ್ಲ. ಅದರಲ್ಲಿ ಆ ನಾಣ್ಯ ಇತ್ತೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಅವಳನ್ನು ಕಳಿಸಿ, ಅಂಗಡಿಗೆ ಬೀಗ ಜಡಿದು, ನೇರ ಗುಜರಿಗೆ ನಡೆದ. ಮೂಟೆ ಇನ್ನೂ ಮೂಲೆಯಲ್ಲೇ ಇತ್ತು, ಕರಗಿಸಲು ಹೋಗಿರಲಿಲ್ಲ.

ಗುಜರಿಯವನು ಅವನ ಬೆವರು ನೋಡಿದ. "ಏನ್ ಸಾಹುಕಾರ್ರೇ, ಕೊಟ್ಟ ಹೆಣ್ಣನ್ನ ವಾಪಸ್ ಕರ್ಕೊಂಡು ಹೋಗೋಕೆ ಬಂದ ಹಾಗಿದೆ?"

"ದರ ಹೇಳು."

"ಮೊನ್ನೆ ಮೂವತ್ತು. ಇವತ್ತು ನೀವು ಓಡಿ ಬಂದಿದ್ದೀರಿ, ಅದಕ್ಕೆ ನಾನೂರು."

ವರ್ತಕ ಚೌಕಾಸಿಗೆ ಬಾಯಿ ತೆರೆದವನು ಮುಚ್ಚಿಕೊಂಡ. ಇನ್ನೊಂದು ಮಾತಾಡಿದರೆ ಗುಜರಿಯವನು ಮೂಟೆ ಬಿಚ್ಚಿ ತಾನೇ ಹುಡುಕಲು ಕೂರುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಐದು ಸಾವಿರದ ಆರುನೂರು ಕೊಟ್ಟು ಮೂಟೆ ಹೊತ್ತ.

ಅಂಗಡಿಯಲ್ಲಿ ಕುಳಿತಾಗ ಕೈ ತಾನಾಗಿ ಅಯಸ್ಕಾಂತದ ಕಡೆಗೆ ಹೋಯಿತು. ಅದನ್ನೆತ್ತಿ ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬೀಗ ತಿರುಗಿಸಿದ. ನಾಲ್ಕು ಸಾವಿರದ ಎಂಟುನೂರು ನಾಣ್ಯ. ಒಂದೊಂದನ್ನೂ ಎತ್ತಿ ಇಸವಿ ಓದುವುದು, ತಿರುಗಿಸಿ ಅಕ್ಷರ ಓದುವುದು, ಆಚೆ ಇಡುವುದು. ಮೊದಲ ದಿನ ಸಿಗಲಿಲ್ಲ. ಎರಡನೇ ದಿನ ಕಣ್ಣು ಉರಿಯಿತು, ತಣ್ಣೀರು ಹಾಕಿಕೊಂಡು ಮತ್ತೆ ಕುಳಿತ. ಗಿರಾಕಿಗಳು ಬಂದರೆ ತಲೆ ಎತ್ತದೆ "ನಾಳೆ ಬನ್ನಿ" ಎಂದ. ಮೂರನೇ ದಿನ ಮಧ್ಯಾಹ್ನ, ಮೂಟೆಯಲ್ಲಿ ಎರಡು ಬೊಗಸೆಯಷ್ಟು ಉಳಿದಿದ್ದಾಗ, ಅರವತ್ತೇಳು ಕಂಡಿತು. ತಿರುಗಿಸಿದ. ಜಿ.

ಮಿಕ್ಕ ಎರಡು ಬೊಗಸೆಯನ್ನೂ ಓದಿ ಮುಗಿಸಿಯೇ ಎದ್ದ. ಹೇಳಿಕಳಿಸಿದಾಗ ಹೆಂಗಸು ಬಂದು ಮಸೂರದಲ್ಲಿ ನೋಡಿ, ತನ್ನ ಅಯಸ್ಕಾಂತ ಮುಟ್ಟಿಸಿ, ಎಂಬತ್ತು ಸಾವಿರ ಎಣಿಸಿದಳು.

ಗುರು ಕತೆ ನಿಲ್ಲಿಸಿದ. ಶಿಷ್ಯ ಕೇಳಿದ: "ಅಂದರೆ ಅವನಿಗೆ ಕಲಿಸಿದವರು ತಪ್ಪು ಕಲಿಸಿದ್ದರೇ?"

"ಅವರು ಕಲಿಸಿದ್ದು ಅರವತ್ತೊಂಬತ್ತಕ್ಕೆ. ಎಲ್ಲ ಇಸವಿಗೂ ಹಚ್ಚಿದವನು ಇವನು."

"ಹಾಗಾದರೆ ಪರೀಕ್ಷೆಯನ್ನು ನಂಬಬೇಕೋ ಬೇಡವೋ? ನನಗೊಂದು ಲೆಕ್ಕ ಸಿಗಲಿಲ್ಲ."

ಗುರು ಹೇಳಿದ: "ಲೆಕ್ಕ ಬೇಕಾದರೆ ತಗೋ: ಪರೀಕ್ಷೆಯನ್ನು ನಂಬಿ ಎಸೆದ ದಿನ ಅವನಿಗೆ ಎರಡು ಸಾವಿರದ ಐನೂರ ಎಂಬತ್ತು ನಷ್ಟ, ಎಸೆದದ್ದನ್ನು ತಂದು ಓದಿದ ದಿನ ಎಲ್ಲ ಖರ್ಚು ಕಳೆದು ಎಪ್ಪತ್ತೊಂದು ಸಾವಿರದ ಎಂಟುನೂರ ಇಪ್ಪತ್ತು ಲಾಭ."