ಮಡಕೆ ಮನೆಗೆ ಬಂದ ಓಟದ ನಾಯಿ

ಭೂಮಿ ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿ ಹಾಗೆ ಬಿಸಿಬಿಸಿಯಾಗಿದ್ದ ಕಾಲ ಅದು. ಸೂರ್ಯನಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಂದೊಂದು ದಿನ ನಡು ಆಕಾಶದಲ್ಲಿ ನಿಂತು, "ಪಡುವಣ ಯಾವ ಕಡೆ ಕಣ್ರಪ್ಪಾ?" ಅಂತ ಕುರಿ ಕಾಯೋರನ್ನ ಕೇಳಿಕೊಂಡು ಹೋಗ್ತಿದ್ದ. ಹೊಳೆ ದಿನಾ ಮನೆ ಬಾಗಿಲಿಗೇ ಬಂದು, ಬಿಂದಿಗೆ ತುಂಬಿಸಿ, ಜಗಲಿ ಮೇಲೆ ಒಂದು ಗಳಿಗೆ ಕೂತು ಕಷ್ಟಸುಖ ಮಾತಾಡಿ ಹೋಗ್ತಿದ್ಲು. ಈಗಿನ ಹೊಳೆಗಳಿಗೆ ಅಷ್ಟು ಪುರುಸೊತ್ತೆಲ್ಲಿದೆ?

ಆಗ ನಾಯಿಗಳೆಲ್ಲ ಕಲ್ಲುಗುಡ್ಡದ ಮೇಲೆ, ಕೆಂದವ್ವ ಅನ್ನೋ ದೊಡ್ಡ ಕೆಂಪು ತಾಯಿನಾಯಿ ಹತ್ರ ಇರ್ತಿದ್ವು. ಕೆಂದವ್ವ ಒಂದು ಸಲ ಹೆತ್ತರೆ ನೂರೆಂಟು ಮರಿ. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಗುಂಡಗೆ ಕುಂಬಳಕಾಯಿ ಹಾಗೆ. ಒಂದಕ್ಕೆ ಮೈತುಂಬ ಕೂದಲು, ಮುಂದೆ ಯಾವುದು ಹಿಂದೆ ಯಾವುದು ಅಂತ ಹೆತ್ತವಳಿಗೇ ಗೊತ್ತಾಗ್ತಿರಲಿಲ್ಲ. ಇನ್ನೊಂದಕ್ಕೆ ಉದ್ದುದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ. ಅದು ಓಡಿದರೆ ಅದರ ನೆರಳು ಮಾರನೇ ದಿನ ಬಂದು ಸೇರ್ತಿತ್ತು.

ಯಾರಾದರೂ ಮರಿ ಕೇಳಿದರೆ ಕೆಂದವ್ವ ಸುಮ್ಮನೆ ಎತ್ತಿ ಕೊಡೋಳಲ್ಲ. ಹೆಣ್ಣು ಕೊಡೋರು ಗಂಡಿನ ಮನೆ ನೋಡೋಕೆ ಬರ್ತಾರಲ್ಲ, ಹಾಗೆ ತಾನೇ ಗುಡ್ಡ ಇಳಿದು ಮನೆ ನೋಡೋಕೆ ಬರೋಳು. ಜಗಲಿ ಮೇಲೆ ಕೂತು ಕೇಳೋಳು: "ದಿನಾ ಎಷ್ಟು ದೂರ ನಡೀತೀರಿ? ಮನೇಲಿ ಕೈಗೂಸು ಇದೆಯಾ? ಮಧ್ಯಾಹ್ನ ನೆರಳೆಲ್ಲಿ ಬೀಳುತ್ತೆ?" ಎಲ್ಲ ಕೇಳಿ, ಮೂಲೆಮೂಲೆ ಮೂಸಿ, ಆ ಮನೆಗೆ ಹೊಂದೋ ಮರಿ ಕೊಡೋಳು. ಕುರಿ ಕಾಯೋ ಬೀರಣ್ಣನಿಗೆ ಓಟದ ಮರಿ ಸಿಕ್ಕಿದ್ದು ಹಾಗೇ. ಅವನು ದಿನಾ ನಾಲ್ಕು ಊರು ಸುತ್ತೋನು.

ಬೀರಣ್ಣನ ಮನೆ ಪಕ್ಕದಲ್ಲೇ ಕುಂಬಾರ ಮಂಚಯ್ಯ, ಅವನ ಹೆಂಡತಿ ಹೊಂಬಾಳಮ್ಮ ಇದ್ರು. ಅಂಗಳದ ತುಂಬ ಮಡಕೆ. ಒಣಗೋಕೆ ಇಟ್ಟಿದ್ದು, ತಟ್ಟೋಕೆ ಇಟ್ಟಿದ್ದು, ಸುಟ್ಟು ಪೇರಿಸಿದ್ದು. ಕಾಲಿಡೋಕೆ ಜಾಗ ಇಲ್ಲ. ಆದರೆ ಕೋತಿಗಳ ಕಾಟ. ಹಸಿ ಮಡಕೆಗೆ ಬೆರಳು ತೂರಿಸೋವು. ಕೆಲವು ಅದನ್ನೇ ತಲೆಗೆ ಹಾಕ್ಕೊಂಡು, ಮದುವೆ ಗಂಡಿನ ಹಾಗೆ ಮೆರವಣಿಗೆ ಹೋಗೋವು.

"ಒಂದು ನಾಯಿ ಬೇಕು ಕಣಯ್ಯ. ಗುಂಡುಮರಿ ಆದ್ರೆ ಸಾಕು. ಕೂತಲ್ಲಿಂದ ಬೊಗಳಿದ್ರೆ ಆಯ್ತು," ಅಂದ್ಲು ಹೊಂಬಾಳಮ್ಮ.

"ಗುಂಡುಮರಿಯಾ? ಬೀರಣ್ಣನ ಮನೇಲಿ ಗಾಳಿ ಜೊತೆ ಪಂದ್ಯ ಕಟ್ಟೋ ನಾಯಿ, ನಮ್ಮನೇಲಿ ಕುಂಬಳಕಾಯಿಯಾ? ಊರೋರು ಏನಂತಾರೆ?"

"ಊರೋರು ಮಡಕೆ ತಗೊಂಡು ಹೋಗ್ತಾರೆ. ನಾಯಿ ಓಟ ನೋಡೋಕೆ ಬರ್ತಾರಾ?"

ಮಂಚಯ್ಯ ಕೇಳಲಿಲ್ಲ. ಕೆಂದವ್ವ ಬರೋ ದಿನ ಬೆಳಿಗ್ಗೆ, ಅಂಗಳ ಬಯಲಾಗಿ ಕಾಣಲಿ ಅಂತ ಹಸಿ ಮಡಕೆ ಒಳಗಿಟ್ಟು, ಸುಟ್ಟ ಮುನ್ನೂರು ಮಡಕೆಗೂ ಹಗ್ಗ ಕಟ್ಟಿ ಹೊಳೆಗೆ ತೇಲಿಬಿಟ್ಟ.

"ಏನೋ ಮಂಚ, ನಿನ್ನ ಸುಳ್ಳನ್ನ ನಾನು ಹೊರಬೇಕಾ?" ಅಂದ್ಲು ಹೊಳೆ.

"ಸಾಯಂಕಾಲದ ತನಕ ಅಷ್ಟೇ ಕಣವ್ವ. ನಿನಗೆ ಭಾರಾನಾ?"

"ಭಾರ ಇಲ್ಲಪ್ಪ, ಕಚಗುಳಿ ಆಗುತ್ತೆ," ಅಂತ ನಕ್ಕಳು ಹೊಳೆ.

ಕೆಂದವ್ವ ಬಂದ್ಲು. ಅಂಗಳ ನೋಡಿದ್ರೆ ಬಟ್ಟಬಯಲು! ಆ ತುದಿಯಿಂದ ಈ ತುದಿಗೆ ನಡೆದು, ಮೂಸಿ, ಹೊಂಬಾಳಮ್ಮನ ಎದುರು ಕೂತು ಕೇಳಿದ್ಲು, "ಅಂಗಳ ಯಾವಾಗಲೂ ಹಿಂಗೇ ಇರುತ್ತಾ ತಂಗಿ?"

ಮಂಚಯ್ಯ ಕೆಂದವ್ವನ ಹಿಂದೆ ನಿಂತು ಕಣ್ಣಲ್ಲೇ ಬೇಡಿಕೊಳ್ತಿದ್ದ. ಹೊಂಬಾಳಮ್ಮ ತನ್ನ ಕಾಲ್ಬೆರಳು ನೋಡಿಕೊಂಡು, "ಹೂಂ ಕಣಕ್ಕ," ಅಂದುಬಿಟ್ಲು.

"ಹಂಗಾದ್ರೆ ಇದಕ್ಕೆ ಓಟದ ಮರೀನೇ ಸರಿ. ಮೂರು ತಿಂಗಳಿಗೆ ಬಂದು ನೋಡ್ತೀನಿ. ನನ್ನ ಮಗು ಸೊರಗಿದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಆಮೇಲೆ ಈ ಹೊಸ್ತಿಲಿಗೆ ನನ್ನ ಮಕ್ಕಳು ಯಾರೂ ಬರಲ್ಲ, ಮೊಮ್ಮಕ್ಕಳೂ ಬರಲ್ಲ."

ಮರಿ ಹೆಸರು ಸಿಡ್ಲ. ಮೊದಲನೇ ದಿನವೇ ಹೊಂಬಾಳಮ್ಮನ ಸೆರಗಲ್ಲಿ ಮೂತಿ ತೂರಿಸಿ ಮಲಗಿತು. ಎಷ್ಟು ಮೆತ್ತಗಿತ್ತು ಅಂದ್ರೆ, ಅವಳು ಬೆಳಗಿನ ತನಕ ಮಗ್ಗುಲು ಬದಲಾಯಿಸಲಿಲ್ಲ.

ಮಾರನೇ ದಿನ ಅಂಗಳಕ್ಕೆ ಮಡಕೆ ಬಂದವು. ಕೋತಿಗಳೂ ಬಂದವು. ಸಿಡ್ಲ ಎದ್ದು ಒಂದೇ ಓಟ ಓಡಿದ. ಕೋತಿಗಳು ಓಡಿದ ರಭಸಕ್ಕೆ ಮೂರು ಜನ ಬಾಲವನ್ನ ಇಲ್ಲೇ ಮರೆತು ಹೋದ್ರಂತೆ, ಸಾಯಂಕಾಲ ಬಂದು ಕೇಳಿ ತಗೊಂಡ್ರಂತೆ. ಸರಿ. ಆದರೆ ಹಿಂದೆ ತಿರುಗಿ ನೋಡಿದ್ರೆ ಎಂಬತ್ತು ಮಡಕೆ ಚೂರು.

"ಓಡಿದ್ದಕ್ಕೆ ಒಡೀತು. ಮಲಗಿದ್ರೆ ಸರಿಹೋಗುತ್ತೆ," ಅಂದ ಮಂಚಯ್ಯ.

ಆಗಿನ ನಾಯಿಗಳಿಗೆ ಮಲಗೋದು ಅಂದ್ರೆ ಬೀಳೋದು. ನಿಂತಲ್ಲೇ ದೊಪ್ಪಂತ ಹಲಸಿನಹಣ್ಣಿನ ಹಾಗೆ ಬೀಳೋವು. ಸಿಡ್ಲನೂ ಬಿದ್ದ. ಮುಂಗಾಲು ಚಾಚಿದ, ನಾಲ್ಕು ಮಡಕೆ. ಹಿಂಗಾಲು ಚಾಚಿದ, ಆರು ಮಡಕೆ. ಕನಸಲ್ಲಿ ಬಾಲ ಅಲ್ಲಾಡಿಸಿದ, ಒಂದು ಸಾಲು ಪೂರ್ತಿ.

"ಕಟ್ಟಿಹಾಕು ಇದನ್ನ!" ಅಂದ ಮಂಚಯ್ಯ.

ಕಟ್ಟಿದ್ರು. ಸಿಡ್ಲ ಬೊಗಳಲಿಲ್ಲ, ಅಳಲಿಲ್ಲ. ಹಾಕಿದ ಮುದ್ದೆ ಹಾಗೇ ಒಣಗ್ತಿತ್ತು. ಹಗ್ಗದ ತುದೀಲಿ ನಿಂತು ಬೀರಣ್ಣನ ಕುರಿ ಹೋದ ದಾರೀನೇ ನೋಡೋನು. ಹತ್ತು ದಿನಕ್ಕೆ ಪಕ್ಕೆಲುಬು ಎಣಿಸೋ ಹಾಗಾಯ್ತು.

ಹೊಂಬಾಳಮ್ಮನಿಗೆ ತುತ್ತು ಇಳೀಲಿಲ್ಲ. ಹೊಳೆ ನೀರು ಕೊಡೋಕೆ ಬಂದಾಗ ಅವಳ ಹತ್ರ ಹೇಳ್ಕೊಂಡ್ಲು, "ಮನೆ ನೋಡಿ ಕೊಟ್ಟ ಮಗು ಕಣವ್ವ. ಮನೇನೇ ಸುಳ್ಳು ಮಾಡಿ ತೋರಿಸ್ದೆ. ನನ್ನ ಬಾಯಲ್ಲೇ ಬಂತು ಆ ಹೂಂ."

"ಅದಕ್ಕೆ ಓಟ ಬೇಕು ಕಣೇ. ನನ್ನನ್ನ ಒಂದು ಬಾನೀಲಿ ತುಂಬಿಟ್ರೆ ನಾನು ಹೊಳೆಯಾಗಿ ಉಳೀತೀನಾ?" ಅಂದ್ಲು ಹೊಳೆ.

ಮಾರನೇ ಬೆಳಿಗ್ಗೆ ಹೊಂಬಾಳಮ್ಮ ಹಗ್ಗ ಬಿಚ್ಚಿ, ಸಿಡ್ಲನ್ನ ಬೀರಣ್ಣನ ಹತ್ರ ಕರ್ಕೊಂಡು ಹೋದ್ಲು.

"ಬೀರಣ್ಣ, ಬಿಸಿಲೇರೋ ತನಕ ಇವನನ್ನ ನಿನ್ನ ಕುರಿ ಜೊತೆ ಓಡಿಸು."

"ಮಂಚಯ್ಯ ತನ್ನ ನಾಯಿ ನನ್ನ ನಾಯಿಗಿಂತ ಜೋರು ಅಂತಿದ್ದ?" ಅಂತ ಬೀರಣ್ಣ ಮೀಸೆ ಸವರಿದ.

"ಅವನು ಅಂದಿದ್ದು ಬಿಡು. ಕುಂಬಾರರ ಮಡಕೇಲಿ ತಾನೇ ನೀನು ಹಾಲು ಕಾಯಿಸೋದು? ಸುಮ್ಮನೆ ಓಡಿಸು."

ಸಿಡ್ಲ ಓಡಿದ. ಗುಡ್ಡ ಹತ್ತಿ ಇಳಿದ. ಗಾಳಿ ಸುಸ್ತಾಗಿ ಹುಣಸೇಮರ ಹಿಡ್ಕೊಂಡು ಏದುಸಿರು ಬಿಡ್ತು. ಮಧ್ಯಾಹ್ನ ನಾಲಿಗೆ ಜೋತುಹಾಕ್ಕೊಂಡು ಬಂದು ಎರಡು ಮುದ್ದೆ ತಿಂದ. ಓಟದ ಚಿಂತೆ ತೀರಿತು. ಮಲಗೋದು ಬಾಕಿ ಇತ್ತು.

ಹೊಂಬಾಳಮ್ಮ ತಿಗರಿ ಹತ್ರ ಕೂತ್ಲು. ತಿಗರಿ ಅಂದ್ರೆ ಮಡಕೆ ಮಾಡೋ ಚಕ್ರ. ಅದು ತಿರುಗ್ತಿದ್ರೆ ಸಿಡ್ಲನ ಕಣ್ಣು ಅದರ ಜೊತೆಗೇ ತಿರುಗೋದು. ಅವಳಿಗೆ ತಟ್ಟನೆ ಹೊಳೀತು. ಮಣ್ಣಿನ ಕೈಯಲ್ಲೇ ಅವನ ಕೊರಳು ಹಿಡಿದು, ಮಡಕೆಗಳ ಮಧ್ಯೆ ನಿಲ್ಲಿಸಿದ್ಲು.

"ಸಿಡ್ಲಾ, ಬೀಳಬೇಡ ಕಣೋ, ತಿರುಗು. ಮೊದಲ ಸುತ್ತು ಮೂತಿ ಎಲ್ಲಿದೆ ನೋಡ್ಕೋ. ಎರಡನೇ ಸುತ್ತು ಕಾಲು ನೋಡ್ಕೋ. ಮೂರನೇ ಸುತ್ತು ಬಾಲ ನೋಡ್ಕೋ. ಆಮೇಲೆ ಮಡಚಿಕೊಂಡು ಮಲಕ್ಕೋ."

ಮೊದಲ ದಿನ ಹನ್ನೆರಡು ಮಡಕೆ ಹೋದವು. ಎರಡನೇ ದಿನ ಒಂಬತ್ತು. ಮಂಚಯ್ಯ ತಲೆ ಮೇಲೆ ಕೈ ಹೊತ್ತು, "ಇದಕ್ಕಿಂತ ಕೋತಿಗಳೇ ವಾಸಿ," ಅಂದ.

"ಕೋತಿಗಳಿಗೆ ಯಾರು ಮನೆ ನೋಡಿ ಕೊಟ್ಟಿದ್ರು? ಇವನು ನಮ್ಮನ್ನ ನಂಬಿ ಬಂದೋನು," ಅಂತ ಅವಳು ಮತ್ತೆ ತಿಗರಿ ತಿರುಗಿಸಿದ್ಲು. ಸಿಡ್ಲ ಮತ್ತೆ ತಿರುಗಿದ.

ಮೂರು ತಿಂಗಳಾಯ್ತು. ಕೆಂದವ್ವ ಗುಡ್ಡ ಇಳಿಯೋದು ಕಾಣಿಸ್ತು. ಮಂಚಯ್ಯ ಹಗ್ಗ ಹುಡುಕೋಕೆ ಓಡಿದ. "ಬೇಗ! ಮಡಕೆ ಹೊಳೆಗೆ ಬಿಡೋಣ!"

"ಒಂದು ಮಡಕೇನೂ ಕದಲಬಾರದು," ಅಂದ್ಲು ಹೊಂಬಾಳಮ್ಮ. ಬಾಗಿಲಿಗೆ ಹೋಗಿ ಕೆಂದವ್ವನ ಎದುರು ನಿಂತು ಅಂದ್ಲು, "ಅಕ್ಕ, ಅವತ್ತು ನಾನು ಸುಳ್ಳು ಹೇಳಿದೆ. ನಮ್ಮ ಅಂಗಳ ಇರೋದು ಹಿಂಗೆ. ಓಟದ ಮರಿಗೆ ಹೊಂದೋ ಮನೆ ಅಲ್ಲ ಇದು."

ಕೆಂದವ್ವನ ಕಿವಿ ನೆಟ್ಟಗಾಯ್ತು. ಬಾಲ ಗಟ್ಟಿಯಾಯ್ತು. "ಸಿಡ್ಲಾ! ಬಾ ಮನೆಗೆ!"

ಸಿಡ್ಲ ಆಗಷ್ಟೇ ಓಟ ಮುಗಿಸಿ ಬಂದಿದ್ದ. ತಾಯಿ ಹತ್ರ ಹೋದ, ಮೂತಿ ನೆಕ್ಕಿದ. ಹೊಂಬಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡ್ಲು. ಅವನು ತಿರುಗಿ ಅವಳನ್ನ ನೋಡಿದ. ಆಮೇಲೆ ನಿಧಾನಕ್ಕೆ, ಒಂದೊಂದೇ ಕಾಲು ಎತ್ತಿಡುತ್ತಾ, ಮಡಕೆ ಸಾಲಿನ ಒಳಗೆ ಹೋದ. ಅಲ್ಲಿ ಒಂದು ಮೊರದಷ್ಟು ಜಾಗ ಇತ್ತು. ಒಂದು ಸುತ್ತು ಸುತ್ತಿದ. ಎರಡು ಸುತ್ತು. ಮೂರು. ಕಾಲು ಮಡಚಿ, ಬಾಲ ಮೂಗಿನ ಮೇಲೆಳೆದು, ಕಣ್ಣು ಮುಚ್ಚಿದ. ಒಂದು ಮಡಕೇನೂ ಟಿಣ್ ಅನ್ನಲಿಲ್ಲ.

ಕೆಂದವ್ವ ಅವನ ಪಕ್ಕೆ ನೋಡಿದ್ಲು, ತುಂಬಿಕೊಂಡಿತ್ತು. ಹೊಂಬಾಳಮ್ಮನ ಕೈ ಮೂಸಿದ್ಲು. ಮಣ್ಣು, ಮುದ್ದೆ, ಮರಿ, ಮೂರೂ ವಾಸನೆ ಬಂತು.

"ಅವತ್ತು ಅಂಗಳ ನೋಡಿ ಹೋದೆ ತಂಗಿ. ನಿನ್ನನ್ನ ಸರಿಯಾಗಿ ನೋಡಲಿಲ್ಲ. ತಪ್ಪು ನಂದೂ ಇದೆ," ಅಂದ್ಲು. ಆಮೇಲೆ ಮಂಚಯ್ಯನ ಕಡೆ ತಿರುಗಿ, "ಬೆಳಗಿನ ಓಟ ಒಂದು ದಿನ ತಪ್ಪಿದ್ರೂ ನಿನ್ನ ಪಂಚೆ ನನ್ನ ಹಲ್ಲಲ್ಲಿರುತ್ತೆ, ತಿಳೀತಾ?"

"ತಿಳೀತು ಕಣಕ್ಕ, ತಿಳೀತು," ಅಂದ ಮಂಚಯ್ಯ, ಪಂಚೆ ಬಿಗಿಯಾಗಿ ಹಿಡ್ಕೊಂಡು.

ಅಷ್ಟು ದೂರ ನಡೆದು ಬಂದಿದ್ದಕ್ಕೆ ಕೆಂದವ್ವನಿಗೂ ನಿದ್ದೆ ಎಳೀತಿತ್ತು. ಮಗನ ಪಕ್ಕ ಹೋಗಿ, ಹುಷಾರಾಗಿ ಮೂರು ಸುತ್ತು ಸುತ್ತಿ ಮಲಗಿದ್ಲು. ಎಷ್ಟು ಹಿತವಾಗಿತ್ತು ಅಂದ್ರೆ, ಗುಡ್ಡಕ್ಕೆ ಹೋಗಿ ಗುಂಡುಮರಿ, ಕೂದಲುಮರಿ, ಎಲ್ಲ ಮರಿಗೂ ಕಲಿಸಿಬಿಟ್ಲು.

ಈಗ ಹೊಳೆ ಯಾರ ಜಗಲಿಗೂ ಬರಲ್ಲ. ಅಂಗಳದಲ್ಲಿ ಮಡಕೆ ಸಾಲೂ ಇಲ್ಲ, ಎಷ್ಟೋ ಮನೆಗೆ ಅಂಗಳವೇ ಇಲ್ಲ. ಆದರೂ ನಿಮ್ಮನೆ ನಾಯಿ, ದೊಡ್ಡದಿರಲಿ ಪುಟ್ಟದಿರಲಿ, ಖಾಲಿ ನೆಲದ ಮೇಲೂ ಮೂರು ಸುತ್ತು ಸುತ್ತಿಯೇ ಮಲಗೋದು ನೋಡಿ: ಹೊಂಬಾಳಮ್ಮನ ಮಡಕೆಗಳು ಇನ್ನೂ ಅಲ್ಲೇ ಇವೆ ಅಂತ ಅದಕ್ಕೆ ನಂಬಿಕೆ.