ಹೊಳೆದಂಡೆಯ ನಾನೂರು ಫೋನುಗಳು

"ಗುರುಗಳೇ, ಕೈ ಹಚ್ಚಿ ದುಡಿದವನಿಗೆ ಹೆಸರು ಬರುತ್ತದೆ. ಅಡ್ಡ ಬರದೆ ಸುಮ್ಮನೆ ಕುಳಿತವನಿಗೆ ಆ ಕೆಲಸದಲ್ಲಿ ಏನು ಪಾಲು?"

ಹೀಗೆ ಕೇಳಿದ ಶಿಷ್ಯನಿಗೆ ಆ ದಿನ ಮನಸ್ಸು ಮುದುಡಿತ್ತು. ಮಠದ ಬಾವಿಯ ಹೂಳು ತೆಗೆಯುವಾಗ, ಒಳಗೆ ಜಾಗ ಸಾಲದೆಂದು ಅವನೊಬ್ಬನನ್ನು ಮೇಲೆಯೇ ಕೂರಿಸಿದ್ದರು. ಗುರು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಂದು ಊರಿತ್ತು. ಊರಿನಿಂದ ಅರ್ಧ ಹರದಾರಿ ಕೆಳಗೆ, ಹೊಳೆ ಒಂದು ಕಲ್ಲುಗುಡ್ಡವನ್ನು ಬಳಸಿ ಹರಿಯುವ ಕಡೆ, ಒಂದು ನಡುಗಡ್ಡೆ. ನೀರು ಕಡಿಮೆಯಾದಾಗ ಅಲ್ಲಿಗೆ ನಡೆದೇ ಹೋಗಬಹುದು. ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಆ ಊರಿನ ಕುರಿಗಾಹಿ ಮಾಳಪ್ಪ ತನ್ನ ಹನ್ನೊಂದು ಕುರಿಗಳೊಡನೆ ಅಲ್ಲಿ ತಂಗಿದ್ದ. ಮೇಲಿನ ಸೀಮೆಯಲ್ಲಿ ಎಲ್ಲೋ ಮಳೆ ಸುರಿದು ಹೊಳೆ ಏರಿತು. ಬೆಳಿಗ್ಗೆ ಅವನು ಎದ್ದು ನೋಡಿದರೆ ಸುತ್ತಲೂ ಕೆನ್ನೀರು.

ಏಳು ಗಂಟೆಗೆ ಅವನು ಹೆಂಡತಿ ಹಾಲವ್ವನಿಗೆ ಫೋನ್ ಮಾಡಿದ. ನೀರು ಬಂದಿದೆ, ಕಾಲು ಉಳುಕಿದೆ, ಕುರಿಗಳನ್ನು ಎತ್ತರಕ್ಕೆ ಹೊಡೆಯುತ್ತೇನೆ, ಚಾರ್ಜ್ ಕಡಿಮೆ ಇದೆ, ಬಂದ್ ಮಾಡಿ ಇಟ್ಟುಕೊಂಡು ಮತ್ತೆ ಮಾಡುತ್ತೇನೆ ಎಂದ. ಅಷ್ಟಕ್ಕೇ ಮಾತು ನಿಂತಿತು. ಆಗಿನಿಂದ ಹಾಲವ್ವ ಆ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಒಲೆ ಹಚ್ಚಲಿಲ್ಲ, ಒಂದು ಕಡೆ ಕೂರಲಿಲ್ಲ. ಹೊಳೆಯ ದಂಡೆಗೆ ಬಂದು ನಿಂತುಬಿಟ್ಟಳು.

ಹೊತ್ತೇರುವಷ್ಟರಲ್ಲಿ ತಾಲ್ಲೂಕಿನಿಂದ ಒಂದು ರಬ್ಬರ್ ದೋಣಿಯೂ ನಾಲ್ವರು ಈಜುಗಾರರೂ ಬಂದರು. ಮೇಲಿನ ಅಣೆಕಟ್ಟಿನಿಂದ ಮಧ್ಯಾಹ್ನ ಎರಡು ಗಂಟೆಗೆ ಇನ್ನಷ್ಟು ನೀರು ಬಿಡುತ್ತಾರೆಂಬ ಸುದ್ದಿಯೂ ಜೊತೆಗೇ ಬಂತು. ಅಷ್ಟರೊಳಗೆ ದೋಣಿ ಒಂದೇ ಸಲ ಹೋಗಿ ಬರಬಹುದಿತ್ತು. ಆದರೆ ಹೊಳೆ ತುಂಬಿದಾಗ ಆ ನಡುಗಡ್ಡೆ ಮೂರು ತುಂಡಾಗುತ್ತದೆ. ತಪ್ಪು ತುಂಡಿಗೆ ದೋಣಿ ಹಚ್ಚಿದರೆ ಅಲ್ಲಿಂದ ಇನ್ನೊಂದಕ್ಕೆ ದಾಟುವಂತಿಲ್ಲ, ನಡುವೆ ಸೆಳವು. ಮಾಳಪ್ಪ ಯಾವ ತುಂಡಿನ ಮೇಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ನೋಡಿ ಹೇಳಲೆಂದೇ ನಸೀಮಾ ಎಂಬ ಹೆಣ್ಣುಮಗಳು ಡ್ರೋನ್ ತಂದಿದ್ದಳು. ಡ್ರೋನ್ ಹಾರಿಸಿ ಹೊಲಗಳ ಅಳತೆ ಮಾಡುವುದು ಅವಳ ಕಸುಬು. ಸಾಮಾನ್ಯವಾದ ಡ್ರೋನು, ಅದನ್ನು ಹಾರಿಸುವವರ ಕೈಯಲ್ಲಿನ ಪೆಟ್ಟಿಗೆಯೊಡನೆ ನೇರವಾಗಿ ಮಾತಾಡುತ್ತದೆ. ನಡುವೆ ಗುಡ್ಡ ಬಂದರೆ ಮಾತು ನಿಲ್ಲುತ್ತದೆ. ಇವಳ ಡ್ರೋನಿನೊಳಗೆ ಸಿಮ್ ಇತ್ತು, ನಮ್ಮ ನಿಮ್ಮ ಫೋನಿನಲ್ಲಿ ಇರುವಂಥದೇ. ಅದು ಮೊಬೈಲ್ ಟವರಿನ ಮೂಲಕ ಮಾತಾಡುತ್ತದೆ. ಆ ಸೀಮೆಗೆಲ್ಲ ಇದ್ದ ಒಂದೇ ಟವರು ಗುಡ್ಡದ ನೆತ್ತಿಯ ಮೇಲೆ ನಿಂತಿತ್ತು.

ಡ್ರೋನು ಹಾರಿತು. ದಂಡೆಯ ಮೇಲೆ ನಾನೂರು ಜನ ಸೇರಿದ್ದರು. ನಾನೂರು ಕೈ ಮೇಲೆದ್ದವು, ಕೈಗೊಂದು ಫೋನು. ಕೆಲವರು ವಿಡಿಯೋ ಹಿಡಿದು ಅಲ್ಲಿಂದಲೇ ನೆಂಟರಿಗೆ ಕಳಿಸುತ್ತಿದ್ದರು. ಕೆಲವರು ಲೈವ್ ಬಿಟ್ಟು ಮಾತೂ ಸೇರಿಸುತ್ತಿದ್ದರು. ಅವರದು ಕೆಟ್ಟ ಮನಸ್ಸಲ್ಲ. ತಮ್ಮವನೊಬ್ಬ ನೀರಿನಲ್ಲಿದ್ದಾನೆ, ತಮ್ಮ ಊರಿನ ಸಂಕಟ ನಾಡಿಗೆ ತಿಳಿಯಲಿ ಎಂದೇ ಅವರು ಅಂದುಕೊಂಡಿದ್ದರು.

ಡ್ರೋನು ಗುಡ್ಡ ದಾಟುವಷ್ಟರಲ್ಲಿ ನಸೀಮಾಳ ಪರದೆಯ ಮೇಲೆ ಚಿತ್ರ ಚೂರುಚೂರಾಯಿತು, ಆಮೇಲೆ ನಿಂತೇಹೋಯಿತು. ಪರದೆಯ ಅಂಚಿನಲ್ಲಿ ಅಂಕಿಗಳು ಮಾತ್ರ ಬದಲಾಗುತ್ತಿದ್ದವು. ಎಷ್ಟು ಎತ್ತರ, ಯಾವ ದಿಕ್ಕು, ಬ್ಯಾಟರಿ ಎಷ್ಟು. ಅಂಕಿ ಹಗುರ, ಇಕ್ಕಟ್ಟಿನಲ್ಲೂ ನುಸುಳಿ ಬರುತ್ತದೆ. ಚಿತ್ರ ಭಾರ, ಅದಕ್ಕೆ ಅಗಲದ ದಾರಿ ಬೇಕು. ಡ್ರೋನು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಅದು ಏನನ್ನು ನೋಡುತ್ತಿದೆ ಎಂದು ಗೊತ್ತಿರಲಿಲ್ಲ. ಬ್ಯಾಟರಿ ಇನ್ನು ಹದಿನಾಲ್ಕು ನಿಮಿಷಕ್ಕಿತ್ತು.

ಅವಳು ತಿರುಗಿ ಜನರನ್ನು ನೋಡಿದಳು. ದೋಣಿ ತಂದಿದ್ದ ಜೀಪಿನ ಮೇಲೆ ಹತ್ತಿ ನಿಂತು, ಇರುವ ಟವರೊಂದೇ, ಅದರ ದಾರಿಯೆಲ್ಲ ನಿಮ್ಮ ಫೋನುಗಳಿಂದ ತುಂಬಿದೆ, ದಯವಿಟ್ಟು ಎಲ್ಲರೂ ಬಂದ್ ಮಾಡಿ ಎಂದು ಕೂಗಿ ಹೇಳಿದಳು. ಜನ ತಲೆದೂಗಿದರು. ಆದರೆ ಕೈ ಇಳಿಯಲಿಲ್ಲ. ಒಬ್ಬನ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಳು, ಅವನಿಗೆ ಸುದ್ದಿ ಬರಬೇಕಿತ್ತು. ಇನ್ನೊಬ್ಬ ಪಂಚಾಯತಿಯ ಸದಸ್ಯ, ಮೇಲಿನವರು ಕೇಳಿದರೆ ಉತ್ತರ ಕೊಡಬೇಕಿತ್ತು. ಮತ್ತೊಬ್ಬ ಪಕ್ಕದವನು ಮೊದಲು ಮಾಡಲಿ ಎಂದು ಕಾಯುತ್ತಿದ್ದ. ನನ್ನದೊಂದರಿಂದ ಏನಾದೀತು ಎಂದು ಪ್ರತಿಯೊಬ್ಬನೂ ಅಂದುಕೊಂಡ.

ಹಾಲವ್ವ ಜೀಪಿನ ಮಗ್ಗುಲಲ್ಲೇ ನಿಂತಿದ್ದಳು. ಮತ್ತೆ ಮಾಡುತ್ತೇನೆ ಎಂದ ಗಂಡನ ದನಿ ಅವಳ ಕಿವಿಯಲ್ಲಿತ್ತು. ಅವನ ಫೋನಿನಲ್ಲಿ ಒಂದು ಕರೆಗಾಗುವಷ್ಟು ಮಾತ್ರ ಚಾರ್ಜ್ ಉಳಿದಿದ್ದರೆ? ಆ ಒಂದು ಕರೆ ಬಂದ ಹೊತ್ತಿಗೆ ತನ್ನದು ಬಂದ್ ಇದ್ದರೆ? ಅದೇ ಕಡೆಯ ಮಾತಾಗಿದ್ದರೆ? ಅವಳ ಹೆಬ್ಬೆರಳು ಗುಂಡಿಯ ಹತ್ತಿರ ಹೋಗಿ ಹಿಂದೆ ಬಂತು.

ನಸೀಮಾ ಅದನ್ನು ಕಂಡಳು. ಕೆಳಗೆ ಬಾಗಿ, "ನಿಮ್ಮದು ಇರಲಿ ಬಿಡ್ರಿ ಅವ್ವಾರ. ಒಂದು ಫೋನಿಂದ ಏನೂ ಆಗಂಗಿಲ್ಲ," ಎಂದಳು. ಆ ಮಾತು ನಿಜವೂ ಆಗಿತ್ತು.

ಹಾಲವ್ವ ಜನರ ಕಡೆ ಒಮ್ಮೆ ನೋಡಿದಳು. "ಎಲ್ಲಾರ ಕೈಯಾಗೂ ಇರೋದು ಒಂದ ಫೋನ್, ತಂಗಿ," ಎಂದಳು.

ಗುಂಡಿ ಒತ್ತಿದಳು. ಪರದೆ ಕಪ್ಪಾಗುವತನಕ ಬೆರಳು ತೆಗೆಯಲಿಲ್ಲ. ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಆಮೇಲೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಆ ಫೋನು ಯಾರ ಕರೆಗೆ ಕಾದಿತ್ತೆಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಮೊದಲು ಹೆರಿಗೆಯ ಸುದ್ದಿಗೆ ಕಾದಿದ್ದವನು ತನ್ನದನ್ನು ಬಂದ್ ಮಾಡಿ ಅಂಗಿಯ ಜೇಬಿಗೆ ಹಾಕಿದ. ಪಂಚಾಯತಿಯ ಸದಸ್ಯನೂ ಬಂದ್ ಮಾಡಿದ. ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಮುಂದಿನವರು ಹಿಂದಿನವರಿಗೆ ಸನ್ನೆ ಮಾಡಿದರು. ಒಬ್ಬ ಓಡಿಹೋಗಿ ಶಾಲೆಯ ಮಾಳಿಗೆಯ ಮೇಲೆ ನಿಂತವರಿಗೂ ಹೇಳಿ ಬಂದ. ನಾನೂರು ಜನ ಬರಿಗೈಯಲ್ಲಿ ನಿಂತರು. ಹೊಳೆಯ ಸದ್ದು ಅಷ್ಟೊತ್ತಿಗೆ ಕೇಳಿಸತೊಡಗಿತು.

ಪರದೆಯ ಮೇಲೆ ನಿಂತಿದ್ದ ಚಿತ್ರ ಅಲುಗಿತು, ಚೂರುಗಳು ಕೂಡಿಕೊಂಡವು. ಕೆನ್ನೀರು ಕಂಡಿತು, ಮುಳುಗಿದ ಜಾಲಿಮರಗಳ ತುದಿ ಕಂಡಿತು. ಮಾಳಪ್ಪ ಇರಬಹುದೆಂದು ಎಲ್ಲರೂ ಅಂದುಕೊಂಡಿದ್ದ ದೊಡ್ಡ ತುಂಡು ಬರಿದಾಗಿತ್ತು. ದೋಣಿ ಹೊರಡಬೇಕೆಂದು ಆಗಲೇ ಮೂತಿ ತಿರುಗಿಸಿ ನಿಂತದ್ದು ಅತ್ತ ಕಡೆಗೇ. ನಸೀಮಾ ಡ್ರೋನನ್ನು ಪಡುವಣಕ್ಕೆ ಹೊರಳಿಸಿದಳು. ಅಲ್ಲಿ ಎಲ್ಲಕ್ಕಿಂತ ಸಣ್ಣ ತುಂಡಿನಲ್ಲಿ, ಒಂದು ಮಗ್ಗುಲು ಚಾವಣಿಯತನಕ ಮಣ್ಣಿನಲ್ಲಿ ಹೂತ ಹಾಳು ಮಂಟಪ. ಅದರ ಕಲ್ಲಿನ ಚಾವಣಿಯ ಮೇಲೆ ಕುರಿಗಳು ಒತ್ತಿಕೊಂಡು ನಿಂತಿದ್ದವು. ಅವುಗಳ ನಡುವೆ ಒಬ್ಬ ಮನುಷ್ಯ ಕಂಬಳಿ ಬೀಸುತ್ತಿದ್ದ.

ನಸೀಮಾ ಪರದೆಯನ್ನು ಹಾಲವ್ವನ ಕಡೆ ತಿರುಗಿಸಿದಳು. ಹಾಲವ್ವ ಅದನ್ನು ಮುಟ್ಟಲು ಹೋಗಿ, ಏನಾದರೂ ಕೆಟ್ಟೀತೆಂದು ಕೈ ಹಿಂದೆಗೆದುಕೊಂಡಳು.

ದೋಣಿ ನೇರವಾಗಿ ಮಂಟಪಕ್ಕೆ ಹೋಯಿತು. ಒಂದೂವರೆ ಗಂಟೆಯ ಹೊತ್ತಿಗೆ ಮಾಳಪ್ಪ ದಂಡೆಯ ಮೇಲಿದ್ದ. ದೋಣಿಯಲ್ಲಿ ಕುರಿಗಳಿಗೆ ಜಾಗವಿರಲಿಲ್ಲ. ಅವು ಚಾವಣಿಯ ಮೇಲೆಯೇ ಉಳಿದವು. ಮೂರನೆಯ ದಿನ ನೀರಿಳಿದ ಮೇಲೆ ಒಂಬತ್ತು ಸಿಕ್ಕವು.

ದಂಡೆಗೆ ಬಂದವನ ಮೊದಲ ಮಾತು ಮುನಿಸಿನದಾಗಿತ್ತು. "ಆ ಹಾರೋ ಯಂತ್ರ ತಲಿಮ್ಯಾಲ ಬಂದು ನಿಂತಾಗ ನಿನಗ ಫೋನ್ ಹಚ್ಚಿದ್ನಿ. ಬಂದ್ ಇತ್ತು," ಎಂದ.

"ಬಂದ್ ಮಾಡಿದ್ದಕ್ಕ ನೀ ಕಂಡಿ," ಎಂದಳು ಹಾಲವ್ವ.

ಮಾಳಪ್ಪನಿಗೆ ಆ ಮಾತು ತಿಳಿಯಲಿಲ್ಲ. ಸುತ್ತ ನಿಂತವರಿಗೆಲ್ಲ ತಿಳಿಯಿತು. ಅವರು ನಕ್ಕರು. ನಗುತ್ತ ಕೆಲವರು ಕಣ್ಣೊರೆಸಿಕೊಂಡರು. ಹೆರಿಗೆಯ ಸುದ್ದಿಗೆ ಕಾದಿದ್ದವನು ತನ್ನ ಫೋನನ್ನು ಮತ್ತೆ ತೆರೆದಾಗ ಮೊಮ್ಮಗಳು ಹುಟ್ಟಿ ಒಂದು ಗಂಟೆಯಾಗಿತ್ತು.

ಮುಂದೆ ಸುತ್ತಲಿನ ಊರುಗಳವರು ಬಂದು, ಅಷ್ಟು ದೊಡ್ಡ ಸಂಗತಿ ನಡೆದಿದೆ, ಮಾಳಪ್ಪನನ್ನು ದಂಡೆಗೆ ತಂದ ವಿಡಿಯೋ ತೋರಿಸಿ ಎಂದು ಕೇಳುತ್ತಿದ್ದರು. ಆ ಊರಿನವರು ಎದೆ ಸೆಟೆಸಿ, ನಮ್ಮ ಊರಲ್ಲಿ ಒಬ್ಬರ ಹತ್ತಿರವೂ ಇಲ್ಲ ಎನ್ನುತ್ತಿದ್ದರು. ಈಗಲೂ ಹಾಗೇ ಎನ್ನುತ್ತಾರೆ. ಬೀಗರು ಹೆಣ್ಣು ನೋಡಲು ಬಂದರೆ, ಹೊಲಮನೆಯ ವಿಚಾರಕ್ಕಿಂತ ಮೊದಲು ಇದನ್ನೇ ಹೇಳುತ್ತಾರೆ.

ಗುರು ಕತೆ ಮುಗಿಸಿದರು. ಕತೆ ಶಿಷ್ಯನಿಗೆ ಹಿಡಿಸಿತ್ತು, ಆದರೂ ಬಾವಿಯ ಮಾತು ಅವನ ಮನಸ್ಸಿನಿಂದ ಹೋಗಿರಲಿಲ್ಲ.

"ಗುರುಗಳೇ, ಕಂಡವಳು ನಸೀಮಾ, ಕರೆತಂದವರು ದೋಣಿಯವರು, ಮೊದಲು ಬಂದ್ ಮಾಡಿದವಳು ಹಾಲವ್ವ. ಉಳಿದವರು ನಿಜವಾಗಿ ಮಾಡಿದ್ದಾದರೂ ಏನು?"

ಗುರು ಕೇಳಿದರು: "ನಾನು ಕತೆ ಹೇಳುವಷ್ಟು ಹೊತ್ತು ನೀನು ಮಾಡಿದ್ದೇನು?"